ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹಳೇಬೀಡು, ಬೇಲೂರು

ಹಾಸನದಿಂದ ಹೊರಡುವಾಗ ನಮ್ಮ ಚೀಲಕ್ಕೆ ಮೊದಲು ಬೀಳುವುದು ಕಾಲುಚೀಲ. ಟೋಪಿ, ನೀರಿನ ಬಾಟಲಿ ಎಲ್ಲರಿಗೂ ನೆನಪಿರುತ್ತವೆ, ಪಾದ ಮರೆತುಹೋಗುತ್ತದೆ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಮೇಲೆ ಮಗು ನಡೆಯಬೇಕಾದ್ದು ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ. ಬೇಸಿಗೆಯಲ್ಲಿ 11 ಗಂಟೆ ದಾಟಿದರೆ ದೊಡ್ಡವರೇ ಕುಪ್ಪಳಿಸುತ್ತಾ ನೆರಳು ಹುಡುಕುತ್ತಾರೆ. ಮೂರು ವರ್ಷದ ಮಗು ಓಡುವುದಿಲ್ಲ, ನಿಂತಲ್ಲೇ ನಿಂತು ಅಳುತ್ತದೆ. ಅಲ್ಲಿಂದಾಚೆ ಆ ದಿನ ನೀವು ನೋಡುವುದು ಶಿಲ್ಪವನ್ನಲ್ಲ, ಮಗುವನ್ನು.

ಮಗುವಿಗೆ ತಲಾ ಎರಡು ಜೊತೆ ದಪ್ಪ ಹತ್ತಿ ಕಾಲುಚೀಲ ಸಾಕು. ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಶತಮಾನಗಳಿಂದ ಕಾಲು ಸವೆಸಿದ ಕಲ್ಲಿನ ಮೇಲೆ ಬರಿಯ ಬಟ್ಟೆ ಜಾರುತ್ತದೆ. ಎರಡನೇ ಜೊತೆ ಯಾಕೆಂದರೆ ಮೊದಲನೆಯದನ್ನು ಮಗು ನೀರು ಚೆಲ್ಲಿಯೋ ಹುಲ್ಲಿನ ಮೇಲೆ ಓಡಿಯೋ ಒದ್ದೆ ಮಾಡಿಕೊಳ್ಳುವುದು ಖಂಡಿತ. ಕಲ್ಲು ಎಷ್ಟು ಕಾದಿದೆ ಎಂದು ನೋಡಲು ನಿಮ್ಮ ಅಂಗೈ ನಂಬಬೇಡಿ. ಮುಂಗೈಯನ್ನು ಚಪ್ಪಡಿಗೆ ಒತ್ತಿ ಐದು ಎಣಿಸಿ. ಎಣಿಸಲು ಆಗದಿದ್ದರೆ ಕಾಲುಚೀಲ ಹಾಕಿದರೂ ಮಗುವನ್ನು ಅಲ್ಲಿ ಇಳಿಸಬಾರದು, ಎತ್ತಿಕೊಂಡೇ ದಾಟಬೇಕು.

ಸುತ್ತಮುತ್ತ ನೋಡುವ ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲವೂ ಹೊಂದುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು, ಅದೂ ಬಂಡೆಯಲ್ಲೇ ಕಡಿದವು, ಅದೂ ಬರಿಗಾಲಲ್ಲಿ. ಹತ್ತುವಾಗ ಮಕ್ಕಳು ನಮಗಿಂತ ಮುಂದೆ ಹೋಗುತ್ತಾರೆ. ಕಷ್ಟ ಇರುವುದು ಇಳಿಯುವಾಗ. ಮೊಣಕಾಲು ನಡುಗುತ್ತದೆ, ಬಿಸಿಲು ಏರಿರುತ್ತದೆ, 15 ಕಿಲೋ ತೂಕದ ಮಗು ಹೆಗಲೇರುತ್ತದೆ. ಎದುರಿನ ಚಂದ್ರಗಿರಿಗೆ ಮೆಟ್ಟಿಲು ಕಡಿಮೆ, ಮೇಲೆ ಬಸದಿಗಳ ನೆರಳೂ ಇದೆ. ಚಿಕ್ಕವರಿದ್ದರೆ ಅದನ್ನು ಹತ್ತಿ, ಅಲ್ಲಿಂದಲೇ ಆಚೆ ಬೆಟ್ಟದ ಗೊಮ್ಮಟನನ್ನು ಬೆರಳು ಮಾಡಿ ತೋರಿಸಿದರೂ ಸಾಕು. ಸಕಲೇಶಪುರ ದಾಟಿ ಸಿಗುವ ಮಂಜರಾಬಾದ್ ಕೋಟೆಗೆ ಸುಮಾರು 250 ಮೆಟ್ಟಿಲು. ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ, ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಆದರೆ ಗೋಡೆಯ ಮೇಲೆ ತಡೆಗಂಬಿ ಇಲ್ಲ, ಮಳೆಗಾಲದಲ್ಲಿ ಪಾಚಿ, ಮೇಲಿಂದ ಇಂಬಳ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಫೋಟೋದಲ್ಲಿ ಚೆನ್ನ. ಹೇಮಾವತಿ ಹಿನ್ನೀರು ಇಳಿದಾಗ ಅದರ ಸುತ್ತಲಿನ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಕೆಸರೇ. ಮಗುವಿನ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಗೋಡೆಗಳೂ ಶಿಥಿಲ, ಅವುಗಳ ಕೆಳಗೆ ಮಕ್ಕಳನ್ನು ಬಿಡುವಂತಿಲ್ಲ. ಮುಳ್ಳಯ್ಯನಗಿರಿಯ ಮಾತು ಬೇರೆಯೇ. 1,930 ಮೀಟರ್ ಎತ್ತರದ ಗಾಳಿ, ಕಡಿದಾದ ಕಿರಿದಾದ ದಾರಿ, ರಜಾದಿನದಲ್ಲಿ ಗಂಟೆಗಟ್ಟಲೆ ನಿಲ್ಲುವ ವಾಹನಗಳ ಸಾಲು. ಹಿಂದಿನ ಸೀಟಿನಲ್ಲಿ ಕೂತ ಮಗು ವಾಂತಿ ಮಾಡಲು ಇಷ್ಟು ಸಾಕು.

ಹಾಗಾಗಿ ಹಳೇಬೀಡು. ಹಾಸನದಿಂದ ಸುಮಾರು 31 ಕಿಲೋಮೀಟರ್, ತಿರುವು ಕಡಿಮೆ, ಗುಡಿಯ ಸುತ್ತ ಹುಲ್ಲುಹಾಸು, ಪಕ್ಕದಲ್ಲೇ ದೋರಸಮುದ್ರದ ಕೆರೆ. ಅಲ್ಲಿಂದ ಬೇಲೂರು 16 ಕಿಲೋಮೀಟರ್. ಚಿಕ್ಕಮಗಳೂರಿನವರಿಗೆ ಬೇಲೂರೇ ಹತ್ತಿರ, ಸುಮಾರು 25 ಕಿಲೋಮೀಟರ್. ಆದರೂ ಮೊದಲು ಹಳೇಬೀಡಿಗೇ ಹೋಗಿ ಎನ್ನುತ್ತೇನೆ. 2023ರಲ್ಲಿ ಎರಡೂ ಗುಡಿ, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿ ಸೇರಿದವು. ಮಕ್ಕಳಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಅವರಿಗೆ ಮುಖ್ಯವಾದದ್ದು ಎತ್ತರ. ಬೇಲೂರಿನ ಹೆಸರುವಾಸಿ ಮದನಿಕೆಯರು ಸೂರಿನ ಕೆಳಗಿದ್ದಾರೆ, ಕತ್ತು ಎತ್ತಿ ನೋಡಬೇಕು. ಹಳೇಬೀಡಿನ ಗೋಡೆಯಲ್ಲಿ ತೀರ ಕೆಳಗಿನ ಸಾಲೇ ಆನೆಗಳದ್ದು, ಮೂರು ವರ್ಷದ ಮಗು ಕುಕ್ಕರಗಾಲಲ್ಲಿ ಕೂತರೆ ಆನೆಯ ಮುಖಕ್ಕೆ ಮುಖ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಅದಕ್ಕೂ ಮೇಲೆ ಪುರಾಣದ ಕತೆಗಳು, ಮಕರ, ಹಂಸ. ಮಗು ಬೆಳೆದಂತೆ ಒಂದೊಂದು ಸಾಲು ಮೇಲೆ ಹತ್ತುತ್ತದೆ. ಹೊಯ್ಸಳರು ಈ ಲೆಕ್ಕ ಹಾಕಿದ್ದರೋ ಇಲ್ಲವೋ, ನಮಗಂತೂ ಅನುಕೂಲ.

ಹೊತ್ತಿನ ಲೆಕ್ಕ ಹೀಗೆ. ಹಾಸನ ಬಿಡುವುದು 7 ಗಂಟೆಗೆ, ಹಳೇಬೀಡು ತಲುಪುವುದು 8ರೊಳಗೆ. ಮಕ್ಕಳಿಗೆ ಇಡ್ಲಿ ತಿನ್ನಿಸಿ ಹೊರಡಬೇಕು, ಹಾಲು ಬೇಡ; ಕಾರಿನಲ್ಲಿ ಹಾಲು ಮೇಲೆ ಬರುತ್ತದೆ. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎರಡು ದೊಡ್ಡ ನಂದಿಗಳೂ ಆ ಕಡೆಯೇ ಇವೆ. ಬೆಳಗಿನ ಎಳೆಬಿಸಿಲಲ್ಲಿ ಕಲ್ಲು ಇನ್ನೂ ತಣ್ಣಗಿರುವಾಗ ಮೊದಲು ಪೂರ್ವದ ಬದಿ ಮುಗಿಸುತ್ತೇವೆ. ನಂದಿಯ ಕೊರಳಗೆಜ್ಜೆ, ಕಿವಿ, ಬಾಲ ಎಲ್ಲಿ ಎಂದು ಕೇಳಿದರೆ ಕಾಲು ಗಂಟೆ ಕಳೆಯುತ್ತದೆ. ಬಿಸಿಲು ಚುರುಕಾಗುವ ಹೊತ್ತಿಗೆ, ಅಂದರೆ ಒಂಬತ್ತೂವರೆಗೆ, ಹಿಂಬದಿಗೆ ಸರಿದುಬಿಡಬೇಕು. ಪಶ್ಚಿಮದ ಗೋಡೆ ಮಧ್ಯಾಹ್ನದ ತನಕ ನೆರಳಲ್ಲೇ ಇರುತ್ತದೆ, ಜಗತಿಯೂ (ಗುಡಿ ನಿಂತಿರುವ ಕಲ್ಲಿನ ಕಟ್ಟೆ) ಕಾದಿರುವುದಿಲ್ಲ. ಆ ಬದಿಯ ಗೋಡೆ ನಕ್ಷತ್ರದ ಹಾಗೆ ಮಡಿಚಿಕೊಂಡಿರುವುದರಿಂದ ಮಕ್ಕಳು ಮೂಲೆಮೂಲೆಯಲ್ಲಿ ಅವಿತು ಆಡುತ್ತಾರೆ. ಮಧ್ಯಾಹ್ನ ಬರುವವರಿಗೆ ಇದೆಲ್ಲ ತಿರುವುಮುರುವು, ನೆರಳು ಆಚೆ ಬದಿಗೆ ಹೋಗಿರುತ್ತದೆ.

ಒಂದು ಎಚ್ಚರಿಕೆ. ಜಗತಿ ನೆಲದಿಂದ ಎತ್ತರದಲ್ಲಿದೆ, ಅಂಚಿಗೆ ಕಂಬಿ ಇಲ್ಲ. ಫೋಟೋ ತೆಗೆಯುವವರು ಹಿಂದೆ ಹಿಂದೆ ಸರಿಯುತ್ತಾರೆ, ಮಕ್ಕಳು ಅವರನ್ನು ನೋಡಿ ತಾವೂ ಸರಿಯುತ್ತಾರೆ. ಗೋಡೆ ಕಡೆ ಮಗು, ಅಂಚಿನ ಕಡೆ ದೊಡ್ಡವರು. ಈ ಕ್ರಮ ಬಿಡುವಂತಿಲ್ಲ. ಎರಡು ಮಕ್ಕಳಿದ್ದರೆ ಕನಿಷ್ಠ ಇಬ್ಬರು ದೊಡ್ಡವರು ಬೇಕು, ಅಜ್ಜಿ–ತಾತನನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಮಕ್ಕಳ ಗಾಡಿ ತರಬೇಡಿ. ಮೆಟ್ಟಿಲು, ಹೊಸ್ತಿಲು, ಚಪ್ಪಡಿಗಳ ಸಂದು ಎಲ್ಲ ಸೇರಿ ಗಾಡಿಯನ್ನು ನೀವೇ ಹೊರಬೇಕಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಹಳೆಯ ಹತ್ತಿ ಸೀರೆಯ ಜೋಲಿಯೇ ಸರಿ. ಅದೇ ಸೀರೆ ಹುಲ್ಲಿನ ಮೇಲೆ ಹಾಸಿಗೆ, ಬಿಸಿಲಿಗೆ ಮುಸುಕು, ಮರೆ ಬೇಕಾದಲ್ಲಿ ಪರದೆ.

ಆನೆಯ ಸಾಲು ತೋರಿಸುವಾಗ ಇತಿಹಾಸ ಹೇಳಲು ಹೋದರೆ ಎರಡು ನಿಮಿಷಕ್ಕೆ ಮಕ್ಕಳು ಆಕಳಿಸುತ್ತಾರೆ. ನಾವು ಕೆಲಸ ಕೊಡುತ್ತೇವೆ. ನಾಲ್ಕರ ಮಗುವಿಗೆ, "ಸೊಂಡಿಲು ಮುರಿದಿರೋ ಆನೆ ಹುಡುಕು ಪುಟ್ಟ." ಆರರ ಮಗುವಿಗೆ, ಈ ಮೂಲೆಯಿಂದ ಆ ಮೂಲೆಯವರೆಗೆ ಎಷ್ಟು ಆನೆ ಎಂದು ಎಣಿಸುವ ಲೆಕ್ಕ. ಇನ್ನು ಕಲ್ಲಿನ ವಿಷಯ. ಇದು ಬಳಪದ ಕಲ್ಲು ಎಂದರೆ ಸ್ಲೇಟು ಹಿಡಿದ ಮಗುವಿಗೆ ತಟ್ಟನೆ ಅರ್ಥವಾಗುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಉಗುರಿನಷ್ಟು ಸಣ್ಣ ಮಣಿಯ ಸರವನ್ನು ಕಲ್ಲಿನಲ್ಲಿ ಬಿಡಿಸಲು ಆಗಿದ್ದು ಇದರಿಂದಲೇ. ಇಷ್ಟು ಹೇಳಿದ ಕೂಡಲೇ ಮಗು ಒಂದು ಕಲ್ಲಿನ ಚೂರು ಹಿಡಿದು ಗೋಡೆ ಗೀಚಲು ಹೊರಡುತ್ತದೆ, ಬಳಪ ಎಂದವರು ನಾವೇ ತಾನೆ. ಆದ್ದರಿಂದ ಒಂದು ಕಾಗದ, ಎರಡು ಬಣ್ಣದ ಪೆನ್ಸಿಲ್ ಜೇಬಿನಲ್ಲಿರಲಿ, ಆನೆಯನ್ನು ಕಾಗದದ ಮೇಲೆ ಬರೆಯಲಿ. ಕಾಗದವನ್ನು ಶಿಲ್ಪಕ್ಕೆ ಒತ್ತಿ ಉಜ್ಜುವುದು ಬೇಡ.

ಗುಡಿಯ ಆವರಣದ ಮ್ಯೂಸಿಯಂಗೆ ಶುಕ್ರವಾರ ರಜೆ. ಚಿಕ್ಕವರಿಗೆ ಅದಿಲ್ಲದಿದ್ದರೂ ನಡೆಯುತ್ತದೆ.

ಹತ್ತು ಗಂಟೆಗೆ ಅಲ್ಲಿಂದ ಎದ್ದು ಬಸ್ತಿಹಳ್ಳಿ. ಅರ್ಧ ಕಿಲೋಮೀಟರಿನಷ್ಟು ದೂರ, ಬಸ್ಸುಗಟ್ಟಲೆ ಬಂದವರು ಹೆಚ್ಚಾಗಿ ಬಿಟ್ಟುಹೋಗುವ ಜಾಗ, ನನ್ನ ಕೇಳಿದರೆ ಮಕ್ಕಳಿಗೆ ಇಡೀ ದಿನದಲ್ಲಿ ಇದೇ ಒಳ್ಳೆಯದು. ಪಾರ್ಶ್ವನಾಥ ಬಸದಿಯ ಒಳಗಿನ ಕಪ್ಪು ಕಂಬಗಳನ್ನು ಕನ್ನಡಿಯ ಹಾಗೆ ನುಣುಪು ಮಾಡಿದ್ದಾರೆ. ಉಬ್ಬು ತಗ್ಗಿನ ಮೈ ಆದ್ದರಿಂದ ಮುಖ ಒಂದು ಕಡೆ ಉದ್ದವಾಗಿ, ಒಂದು ಕಡೆ ತಲೆಕೆಳಗಾಗಿ ಕಾಣುತ್ತದೆ. ಮಕ್ಕಳು ಬೇರೆ ಬೇರೆ ದೂರದಲ್ಲಿ ನಿಂತು ಕೈಬೀಸಿ ನೋಡಲಿ. ನೆಲ ತಣ್ಣಗೆ, ಜನ ಕಡಿಮೆ, ದನಿ ಎತ್ತಿದರೆ ಮಾತ್ರ ಮೊಳಗುತ್ತದೆ. ಇದು ಬಸದಿ ಎಂಬುದನ್ನು ಮೊದಲೇ ಹೇಳಿ ಒಳಗೆ ಬಿಡಬೇಕು.

ಊಟದ ವಿಷಯಕ್ಕೆ ಬಂದರೆ, ಮಕ್ಕಳಿಗೆ ಮನೆಯ ಮೊಸರನ್ನವೇ ಗಟ್ಟಿ. ಆದರೆ ಬೆಳಿಗ್ಗೆ ಮೊಸರು ಕಲಸಿ ಡಬ್ಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಹುಳಿಯೇರಿ ಮಗು ಮುಖ ಸಿಂಡರಿಸುತ್ತದೆ. ಒಂದು ಪಾವು ಅಕ್ಕಿಗೆ ನಾಲ್ಕು ಪಾವು ನೀರು ಹಾಕಿ ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಮಸೆಯಿರಿ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಎರಡು ಪಾವು, ಮೊಸರು ಎರಡೇ ಚಮಚ, ಉಪ್ಪು. ಕಲಸಿದಾಗ ನೀರುನೀರಾಗಿ ಕಾಣುತ್ತದೆ, ಹೆದರಬೇಡಿ. ಬೆಳಿಗ್ಗೆ ಆರಕ್ಕೆ ಕಲಸಿದ್ದು ಹನ್ನೆರಡೂವರೆಗೆ ಡಬ್ಬಿಯಲ್ಲೇ ಹೆಪ್ಪಾಗಿ ಹದಕ್ಕೆ ಬಂದಿರುತ್ತದೆ, ಹುಳಿ ಇರುವುದಿಲ್ಲ. ಅನ್ನ ಬಿಸಿ ಇರುವಾಗಲೇ ಕಲಸಿದರೆ ಹಾಲು ಒಡೆದು ನೀರು ಬಿಡುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಒಗ್ಗರಣೆ ದೊಡ್ಡವರ ಡಬ್ಬಿಗೆ ಮಾತ್ರ. ಜೊತೆಗೆ ಆರು ಏಲಕ್ಕಿ ಬಾಳೆಹಣ್ಣು, ಬೆಲ್ಲ ತುಪ್ಪ ಸವರಿ ಸುತ್ತಿದ ಚಪಾತಿ. ಅಕ್ಕಿರೊಟ್ಟಿ ಬೇಡ, ಹತ್ತು ಗಂಟೆಗೆಲ್ಲ ಸೆಟೆದುಕೊಳ್ಳುತ್ತದೆ. ಬಿಸಿಲ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಕರಗಿಸಿ ಒಂದು ಬಾಟಲಿ ಇಟ್ಟಿರುತ್ತೇವೆ. ವಾಂತಿಯೋ ಭೇದಿಯೋ ಆದರೆ ಗುಟುಕು ಗುಟುಕಾಗಿ ಕುಡಿಸಲು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಅಪಾಯ.

ಮುಂದಿನದು ಇಡೀ ದಿನದ ನಾಜೂಕಿನ ಭಾಗ: ನಿದ್ದೆ. ಹಳೇಬೀಡಿನಿಂದ ಬೇಲೂರಿಗೆ ಕಾರಿನಲ್ಲಿ 25 ನಿಮಿಷ. ಬೆಳಿಗ್ಗೆ ಬೇಗ ಎದ್ದ ಮಗು ಹತ್ತನೇ ನಿಮಿಷಕ್ಕೆ ತೂಕಡಿಸುತ್ತದೆ, ಕಾರು ನಿಂತ ಕೂಡಲೇ ಎಬ್ಬಿಸುತ್ತೇವೆ. ಕಾಲು ಗಂಟೆಯ ನಿದ್ದೆ ಮಾಡಿದ ಮಗುವಿನಷ್ಟು ರಚ್ಚೆ ಹಿಡಿಯುವುದು ಮತ್ತೊಂದಿಲ್ಲ. ಅದಕ್ಕೆ 11ಕ್ಕೆ ಹಳೇಬೀಡಿನಲ್ಲೇ ಹಣ್ಣು, ಚಪಾತಿ ಕೊಟ್ಟು, ಶೌಚಾಲಯಕ್ಕೆ ಕರೆದೊಯ್ದು (ಚಿಲ್ಲರೆ ಕಾಸು ಜೇಬಿನಲ್ಲಿರಲಿ), ಬೇಲೂರು ತಲುಪಿದ ಮೇಲೆ ನೆರಳಿನಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದು, ಒಬ್ಬರು ಪಕ್ಕದಲ್ಲೇ ಕೂತು ಮಲಗಿಸುತ್ತೇವೆ. ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಬಿಡುವ ಮಾತೇ ಇಲ್ಲ. ಗಾಜು ಏರಿಸಿದ ಕಾರು ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಕಾಯುತ್ತದೆ. ಎರಡು ವರ್ಷದೊಳಗಿನವರಿದ್ದರೆ ನಿದ್ದೆಗಾಗಿ ಅರ್ಧ ದಿನದ ಕೊಠಡಿ ಸಿಗುತ್ತದೋ ಎಂದು ಲಾಡ್ಜಿನಲ್ಲಿ ಕೇಳಿ ನೋಡಬಹುದು, ಅಥವಾ ಬೇಲೂರನ್ನೇ ಕೈಬಿಟ್ಟು ಮನೆಗೆ ತಿರುಗಬಹುದು. ಎರಡನೆಯದೇ ವಾಸಿ. ಬಸ್ಸಿನಲ್ಲಿ ಬಂದವರಿಗೂ ಅದೇ ಮಾತು. ಒಂದು ದಿನಕ್ಕೆ ಒಂದು ಗುಡಿ.

ಬೇಲೂರಿನ ಅಂಗಳ ಬಟಾಬಯಲು, ಪೂರ್ತಿ ಚಪ್ಪಡಿ. ಹನ್ನೆರಡರಿಂದ ಮೂರೂವರೆ ತನಕ ಮಕ್ಕಳನ್ನು ಅಲ್ಲಿಗೆ ಒಯ್ಯಬಾರದು. ನಾಲ್ಕು ಗಂಟೆ ಕಳೆದರೆ ಗುಡಿಯ ಮುಂಬದಿಗೆ ನೆರಳು ಬಿದ್ದಿರುತ್ತದೆ, ಆದರೆ ಕಲ್ಲು ಬಿಸಿಲನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನೆರಳಿದೆ ಎಂದು ಕಾಲುಚೀಲ ತೆಗೆಯಬೇಡಿ, ಮುಂಗೈ ಪರೀಕ್ಷೆ ಇಲ್ಲಿಯೂ ಮಾಡಿ.

ಇಲ್ಲಿ ಮಕ್ಕಳಿಗೆ ಮೂರೇ ಜಾಗ ಸಾಕು. ಬಾಗಿಲ ಬಳಿಯ ಸಳ, ಅವನು ಎದುರಿಸುವ ಪ್ರಾಣಿ, 'ಹೊಯ್ ಸಳ' ಎಂಬ ಕತೆ. ಮಕ್ಕಳು ಕೂಡಲೇ ಆ ಭಂಗಿ ಹಿಡಿಯುತ್ತಾರೆ. ಎರಡನೆಯದು ಅಂಗಳದ ಎತ್ತರದ ಕಂಬ. ಅಡಿಪಾಯವಿಲ್ಲದೆ ತನ್ನ ಭಾರದಿಂದಲೇ ಕಟ್ಟೆಯ ಮೇಲೆ ನಿಂತಿರುವ ಇದರ ಬುಡದಲ್ಲಿ ಒಂದು ಕಡೆ ಸಂದಿದೆ. ಕಟ್ಟೆ ಹತ್ತಬಾರದು, ತಳ್ಳಿ ನೋಡಬಾರದು ಎಂದು ಮುಂಚೆಯೇ ಹೇಳಿರಬೇಕು. ಮೂರನೆಯದು ಕಪ್ಪೆ ಚೆನ್ನಿಗರಾಯ. ಜಕಣಾಚಾರಿಯ ಮಗ ವಿಗ್ರಹದ ಕಲ್ಲಿನಲ್ಲಿ ದೋಷ ತೋರಿಸಿದ್ದು, ಹೊಟ್ಟೆಯ ಭಾಗದಿಂದ ಕಪ್ಪೆ ಹೊರಬಂದದ್ದು ದಂತಕತೆಯೇ ಹೊರತು ಚರಿತ್ರೆಯಲ್ಲ, ಆದರೆ ಮಗು ಮನೆಗೆ ಹೋಗಿ ಅಜ್ಜಿಗೆ ಒಪ್ಪಿಸುವುದು ಇದನ್ನೇ. ಗುಡಿಯ ಒಳಗೆ ಕತ್ತಲು. ಮೂರರ ಒಳಗಿನವರು ಹೆದರುತ್ತಾರೆ, ಎತ್ತಿಕೊಂಡು ಹೋಗಿ. ಗೈಡ್ ಮಾಡಿಕೊಳ್ಳುವುದಾದರೆ ಶುರುವಿನಲ್ಲೇ "ಅಣ್ಣ, ಮಕ್ಕಳಿದ್ದಾರೆ, ಅರ್ಧ ಗಂಟೆಯಲ್ಲಿ ಕತೆ ಇರೋದನ್ನು ಮಾತ್ರ ತೋರಿಸಿ" ಎಂದು ಹೇಳಿ ದರ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಅವರು ಬಾಯಿಪಾಠ ಮುಗಿಯುವ ತನಕ ಬಿಡುವುದಿಲ್ಲ.

ಆರು ಗಂಟೆಗೆ ಹೊರಡುವ ಮುಂಚೆ ಇನ್ನೊಂದು ಕೆಲಸ ಇದೆ. ಕಾರಿನ ಬಳಿಯೇ ಮಕ್ಕಳ ಕೈಕಾಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿದ ಮೊಸರನ್ನದ ಬದಲು (ಸಂಜೆಯ ತನಕ ಇಟ್ಟದ್ದನ್ನು ಕೊಡಬಾರದು) ಬಿಸಿ ಇಡ್ಲಿಯೋ ದೋಸೆಯೋ ತಿನ್ನಿಸಿ, ಹಲ್ಲುಜ್ಜಿಸಿ, ರಾತ್ರಿ ಬಟ್ಟೆ ತೊಡಿಸಿಬಿಡುತ್ತೇವೆ. ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅರ್ಧ ದಾರಿಯಲ್ಲೇ ನಿದ್ದೆ. ಮನೆ ಬಂದಾಗ ದೀಪ ಹಾಕದೆ ನೇರ ಹಾಸಿಗೆಗೆ. ಕಾಲುಚೀಲ ಬಿಚ್ಚಿ ಪಾದ ಒಮ್ಮೆ ನೋಡಿ, ಕೆಂಪಾಗಿ ಗುಳ್ಳೆ ಎದ್ದಿದ್ದರೆ ತಣ್ಣೀರಿನ ಬಟ್ಟೆ ಇಡಿ, ಗುಳ್ಳೆ ಒಡೆಯಬೇಡಿ.