ಮಾರ್ಚ್ 17ರ ಊಟಕ್ಕೆ ನಮ್ಮ ಮನೆಯ ಮಜ್ಜಿಗೆ

ಅತ್ತೆಯವರ ಮನೆಯ ಹಬ್ಬದೂಟಕ್ಕೆ ಸೋಡಾ ಬ್ರೆಡ್, ಅಂದರೆ ಯೀಸ್ಟ್ ಬದಲು ಅಡುಗೆ ಸೋಡಾದಿಂದ ಉಬ್ಬಿಸುವ ಐರಿಷ್ ಬ್ರೆಡ್, ಮಾಡುವ ಕೆಲಸ ನನ್ನ ಪಾಲಿಗೆ ಬಂದು ಆರು ವರ್ಷವಾಯಿತು. ನಾನು ಮಲೆನಾಡಿನ ಸಾಗರದ ಕಡೆಯವಳು. ಈಗ ಇರುವುದು ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ. ಗಂಡನ ಮನೆಯವರು ಐರಿಷ್ ಮೂಲದವರು. ಅತ್ತೆಯವರ ಮುತ್ತಜ್ಜಿ 1880ರ ದಶಕದಲ್ಲಿ ಐರ್ಲೆಂಡಿನ ಮೇಯೋ ಕೌಂಟಿಯಿಂದ ಹಡಗಿನಲ್ಲಿ ಬಂದವರು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ, ಐರ್ಲೆಂಡಿನ ಪೋಷಕ ಸಂತನ ಹಬ್ಬ, ಆ ಮನೆಗೆ ನಮ್ಮ ಯುಗಾದಿಯಷ್ಟೇ ದೊಡ್ಡದು.

ಅಂದಿನ ಮುಖ್ಯ ಅಡುಗೆ ಕಾರ್ನ್ಡ್ ಬೀಫ್ (ಉಪ್ಪಿನಲ್ಲಿ ನೆನೆಹಾಕಿದ ದನದ ಮಾಂಸ) ಮತ್ತು ಎಲೆಕೋಸು. ಅಮೆರಿಕದಲ್ಲಿ 'ಕಾರ್ನ್' ಎಂದರೆ ಮೆಕ್ಕೆಜೋಳ, ಆದರೆ ಅದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಮಾಂಸವನ್ನು ನೆನೆಹಾಕುತ್ತಿದ್ದ ಉಪ್ಪಿನ ದಪ್ಪ ಹರಳಿಗೆ ಹಿಂದೆ 'ಕಾರ್ನ್' ಎನ್ನುತ್ತಿದ್ದರು. ಐರ್ಲೆಂಡಿನಲ್ಲಿ ಎಲೆಕೋಸಿನ ಜೊತೆ ಬೇಯಿಸುತ್ತಿದ್ದುದು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು. ಅಲ್ಲಿನ ಬಡರೈತರಿಗೆ ಹಸು ಎಂದರೆ ಹಾಲು, ಬೆಣ್ಣೆ. 1845ರಿಂದ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲಿ, ಸುಮಾರು ಹತ್ತು ಲಕ್ಷ ಜನ ಸತ್ತು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ನ್ಯೂಯಾರ್ಕಿನಂಥ ಊರುಗಳಲ್ಲಿ ನೆಲೆಸಿದವರಿಗೆ ನೆರೆಯ ಯಹೂದಿ ಕಟುಕರ ಅಂಗಡಿಯಲ್ಲಿ ಸಿಕ್ಕಿದ್ದು ಉಪ್ಪಿನಲ್ಲಿಟ್ಟ ದನದ ಎದೆಮಾಂಸ. ಇದು ಐರ್ಲೆಂಡಿನ ಊಟವೇ ಅಲ್ಲ ಎಂದು ಕೆಲವರು ತಿದ್ದಲು ಬರುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಬಂದ ಊರಿನಲ್ಲಿ ಸಿಕ್ಕಿದ್ದರಿಂದಲೇ ಹಬ್ಬ ಮಾಡಿದ ಜನರ ಊಟ ಅದು.

ನಾನು ಮಾಂಸ ತಿನ್ನುವುದಿಲ್ಲ. ಅತ್ತೆಯವರು ಮೊದಲ ವರ್ಷವೇ ನನಗಾಗಿ ಎಲೆಕೋಸು, ಆಲೂಗಡ್ಡೆಗಳನ್ನು ಬೇರೆ ಪಾತ್ರೆಯಲ್ಲಿ, ಬೇರೆ ನೀರಿನಲ್ಲಿ ಬೇಯಿಸಿಟ್ಟಿದ್ದರು. ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಎಲೆಕೋಸು, ಈರುಳ್ಳಿಸೊಪ್ಪು, ಬಿಸಿಹಾಲು ಸೇರಿಸಿ, ನಡುವೆ ಗುಳಿ ಮಾಡಿ ಬೆಣ್ಣೆ ತುಂಬಿದರೆ ಅದು ಕೋಲ್ಕ್ಯಾನನ್. ಅಂದು ನಾನು ಎರಡು ಸಲ ಬಡಿಸಿಕೊಂಡೆ. ಮರುವರ್ಷ ಬ್ರೆಡ್ ನಾನೇ ಮಾಡುತ್ತೇನೆ ಎಂದೆ.

ಸೋಡಾ ಬ್ರೆಡ್ಡಿಗೆ ಬೇಕಾದದ್ದು ನಾಲ್ಕೇ: ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಮಜ್ಜಿಗೆ ಎಂದ ಕೂಡಲೇ ನನಗೆ ಧೈರ್ಯ ಬಂತು. ಇಲ್ಲಿನ ಅಂಗಡಿಯ ಮಜ್ಜಿಗೆ ಕಡೆದದ್ದಲ್ಲ, ಹಾಲಿಗೆ ಹೆಪ್ಪು ಹಾಕಿ ಹುಳಿ ಬರಿಸಿದ್ದು. ಐರಿಷ್ ರೈತರ ಮನೆಯಲ್ಲಿ ಬಳಸುತ್ತಿದ್ದುದು ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆ, ನನ್ನ ಅಜ್ಜಿ ಕಡಗೋಲಿನಿಂದ ಕಡೆದು ಉಳಿಸುತ್ತಿದ್ದಂಥದೇ. ಕೆನೆಗೆ ಹೆಪ್ಪು ಹಾಕಿ, ಎರಡು ದಿನ ಹುಳಿಯಲು ಬಿಟ್ಟು, ಮಿಕ್ಸಿಯಲ್ಲಿ ಕಡೆದೆ.

ಮೊದಲ ಬ್ರೆಡ್ ಕಲ್ಲಿನಂತಾಯಿತು. ತಪ್ಪು ಮೂರು ಕಡೆ ಇತ್ತು. ಬೆಣ್ಣೆ ಕೂಡಿಕೊಳ್ಳಲೆಂದು ಊರಿನ ರೂಢಿಯಂತೆ ನೀರು ಸುರಿದಿದ್ದೆ, ಮಜ್ಜಿಗೆಯ ಹುಳಿ ತೆಳುವಾಗಿ ಸೋಡಾ ಸರಿಯಾಗಿ ಉಬ್ಬಲಿಲ್ಲ. ಯೀಸ್ಟ್ ಬ್ರೆಡ್ಡಿಗೆ ಬಳಸುವ ಜಿಗುಟು ಹಿಟ್ಟು ತಂದಿದ್ದೆ. ಐರ್ಲೆಂಡಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೆದು, ಅದರಲ್ಲಿ ಅಂಟು ಕಡಿಮೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಚಪಾತಿ ಹಿಟ್ಟಿನಂತೆ ಹತ್ತು ನಿಮಿಷ ನಾದಿದ್ದು. ಹುಳಿ ತಾಗಿದ ಕ್ಷಣವೇ ಸೋಡಾದಿಂದ ಗಾಳಿ ಏಳುತ್ತದೆ. ನಾದುತ್ತಾ ನಿಂತರೆ ಅದು ಹಾರಿಹೋಗುತ್ತದೆ, ಹಿಟ್ಟೂ ಬಿಗಿಯುತ್ತದೆ.

ಈಗ ಓವನ್ 425 ಡಿಗ್ರಿ ಫ್ಯಾರನ್‌ಹೀಟಿಗೆ ಕಾದ ಮೇಲೆಯೇ ಹಿಟ್ಟಿಗೆ ಕೈ ಹಾಕುತ್ತೇನೆ. 450 ಗ್ರಾಂ ಮೆದು ಹಿಟ್ಟಿಗೆ ಚಹಾಚಮಚದಲ್ಲಿ ಒಂದೊಂದು ಉಪ್ಪು ಮತ್ತು ಸೋಡಾ. ಸೋಡಾ ಜರಡಿ ಹಿಡಿಯಲೇಬೇಕು, ಗಂಟು ಉಳಿದರೆ ಬಾಯಿಗೆ ಒಗರು. ನೀರು ಬೆರೆಸದ ಹುಳಿಮಜ್ಜಿಗೆ ಸುಮಾರು 350 ಮಿಲಿಲೀಟರ್. ಹಿಟ್ಟು ಕೇಳಿದರೆ ಇನ್ನೊಂದಿಷ್ಟು. ಬೆರಳು ಅಗಲಿಸಿ, ಒಣಹಿಟ್ಟು ಕಾಣದಂತಾಗುವವರೆಗೆ ಕಲಸಿ, ಗುಂಡಗೆ ಮಾಡಿ, ಮೇಲೆ ಆಳವಾಗಿ ಶಿಲುಬೆಯಾಕಾರದ ಗೀರು ಹಾಕುತ್ತೇನೆ. ಅತ್ತೆಯವರಿಗೆ ಅದು ಆಶೀರ್ವಾದದ ಗುರುತು. ಶಾಖ ನಡುವಿಗೆ ಇಳಿಯುವುದೂ ಆ ಗೀರಿನಿಂದಲೇ. ನಲವತ್ತು ನಿಮಿಷದ ನಂತರ ತಳವನ್ನು ತಟ್ಟಿ ನೋಡುತ್ತೇನೆ. ಟೊಳ್ಳು ಸದ್ದು ಬಂದರೆ ಬೆಂದಿದೆ.

ಅತ್ತೆಯವರು ಮಾಡುತ್ತಿದ್ದ ಬ್ರೆಡ್ಡಿನಲ್ಲಿ ಒಣದ್ರಾಕ್ಷಿ, ಸಕ್ಕರೆ, ಮೊಟ್ಟೆ, ಜೀರಿಗೆಯಂಥ ಕ್ಯಾರವೇ ಬೀಜ ಎಲ್ಲವೂ ಇರುತ್ತಿತ್ತು. ಅಮೆರಿಕದ ಐರಿಷ್ ಮನೆಗಳಲ್ಲಿ ಹಾಗೆಯೇ. ನನ್ನ ಸಪ್ಪೆ ಬ್ರೆಡ್ ಅವರಿಗೆ ರುಚಿಸದೇನೋ ಎಂದು ಅಳುಕಿತ್ತು. ಎರಡನೆಯ ವರ್ಷ ಬಿಸಿ ತುಂಡಿಗೆ ನಾನು ಕಡೆದ ಬೆಣ್ಣೆ ಸವರಿಕೊಂಡು ತಿಂದವರು, ಹಳ್ಳಿಯಲ್ಲಿ ಸಕ್ಕರೆ ಎಲ್ಲಿತ್ತು, ಮುತ್ತಜ್ಜಿ ಮಾಡಿದ್ದು ಹೀಗೆಯೇ ಇದ್ದಿರಬೇಕು ಎಂದರು. ತಮ್ಮ ಒಣದ್ರಾಕ್ಷಿಯ ಬ್ರೆಡ್ಡನ್ನು ಅವರು ಬಿಟ್ಟಿಲ್ಲ, ಬಿಡಬೇಕೆಂದು ನನಗೂ ಅನಿಸಿಲ್ಲ. ಈಗ ಎರಡೂ ಮೇಜಿಗೆ ಬರುತ್ತವೆ. ಮಾರ್ಚ್ ಮೊದಲ ವಾರದಲ್ಲೇ ಅವರ ಫೋನ್ ಬರುತ್ತದೆ: ಈ ಸಲ ಕಡೆಯುವಾಗ ನನಗೂ ಒಂದು ಸೀಸೆ ಮಜ್ಜಿಗೆ ತೆಗೆದಿಡು.