ಮಳೆಗಾಲಕ್ಕೆ ತಕ್ಕ ಮೂಡಲ್ ಕೋರ್ಸು: ಕರಾವಳಿಯ ಉಪನ್ಯಾಸಕರಿಗೆ

ಮೂಡಲ್ (Moodle) ಎಂದರೆ ಪಾಠ, ಅಸೈನ್‌ಮೆಂಟ್, ಕ್ವಿಜ್‌ಗಳನ್ನು ಆನ್‌ಲೈನಿನಲ್ಲಿ ನಡೆಸುವ ತಂತ್ರಾಂಶ. ಮಂಗಳೂರಿನ ಕಾಲೇಜು ವೈಫೈಯಲ್ಲಿ ಸರಾಗ ಓಡುವ ಕೋರ್ಸು ಸುಳ್ಯದ ಒಳಗಿನ ಮನೆಯಲ್ಲಿ ತೆರೆಯದೇ ಇರಬಹುದು. ಜೂನ್, ಜುಲೈಯಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಕೈಕೊಡುತ್ತದೆ. ಆದ್ದರಿಂದ ಕೋರ್ಸನ್ನು ಕಟ್ಟುವಾಗಲೇ ಆ ಮನೆಯ ಫೋನನ್ನು ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಕೋರ್ಸ್ ಫಾರ್ಮ್ಯಾಟ್. ವಾರದ ಮಾದರಿ ಬೇಡ, ವಿಷಯವಾರು ಮಾದರಿ ಇಡಿ. ವಾರದ ಮಾದರಿಯಲ್ಲಿ ಕೋರ್ಸ್ ಶುರುವಾದ ದಿನದಿಂದ ಎಣಿಸಿ ತಾರೀಕುಗಳು ತಾವಾಗಿಯೇ ಬರುತ್ತವೆ. ಜಿಲ್ಲಾಧಿಕಾರಿಗಳು ಎರಡು ದಿನ ಮಳೆ ರಜೆ ಕೊಟ್ಟರೆ ಪಾಠ ಒಂದು ಕಡೆ, ತಲೆಬರಹ ಇನ್ನೊಂದು ಕಡೆ.

ನೋಟ್ಸನ್ನು ಫೋನಿನಲ್ಲಿ ಫೋಟೋ ಹೊಡೆದು ಹಾಗೇ ಹಾಕಬೇಡಿ. ಪುಟಕ್ಕೆ 2–3 ಎಂಬಿಯಂತೆ 20 ಪುಟಕ್ಕೆ 50 ಎಂಬಿ ಆಸುಪಾಸು ಆಗುತ್ತದೆ. 150 ಡಿಪಿಐಯಲ್ಲಿ (ಇಂಚಿಗೆ 150 ಚುಕ್ಕೆ), ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ. ಬರೀ ಬರಹವಾದರೆ ಪಿಡಿಎಫ್‌ಗಿಂತ ಮೂಡಲ್‌ನಲ್ಲೇ ಟೈಪಿಸುವ 'ಪೇಜ್' ಒಳ್ಳೆಯದು, ಸಣ್ಣ ಪರದೆಯಲ್ಲಿ ಎಳೆದಾಡದೆ ಓದಬಹುದು. ಫೈಲ್ ಏರದಿದ್ದರೆ ಕೋರ್ಸಿನ ಮಿತಿ ಹೆಚ್ಚಿಸಿ ಫಲವಿಲ್ಲದಿರಬಹುದು: ಮೂಡಲ್ ಓಡುವುದು ಪಿಎಚ್‌ಪಿ ಎಂಬ ಸರ್ವರ್ ಭಾಷೆಯಲ್ಲಿ, ಅದರ ಮೂಲ ಮಿತಿ 2 ಎಂಬಿ, ಸರ್ವರಿನ ಮಿತಿಯನ್ನು ಕೋರ್ಸು ಮೀರಲಾರದು. ಸರ್ವರ್ ನೋಡುವವರಿಗೆ ಅಪ್‌ಲೋಡ್ ಮಿತಿ (ಒಂದು ಫೈಲಿನದು), ಪೋಸ್ಟ್ ಮಿತಿ (ಒಮ್ಮೆಗೆ ಕಳಿಸುವ ಒಟ್ಟು ಗಾತ್ರದ್ದು) ಎರಡನ್ನೂ ಏರಿಸಲು ಹೇಳಿ.

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಬಳಸುವ) ಫಾಂಟಿನಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಕಿರು ಉತ್ತರದ ಪ್ರಶ್ನೆಗೆ 'ಮಂಗಳೂರು', 'ಮಂಗಳೂರಿನಲ್ಲಿ' ಎರಡೂ ಸರಿಯಾಗಬೇಕಿದ್ದರೆ ಉತ್ತರವನ್ನು 'ಮಂಗಳೂರ*' ಎಂದು ಕೊಡಿ. ನಕ್ಷತ್ರ ಚಿಹ್ನೆ ಉಳಿದ ಅಕ್ಷರಗಳನ್ನೆಲ್ಲ ಒಪ್ಪಿಕೊಳ್ಳುತ್ತದೆ. ಹಾಗಾಗಿ ತೀರಾ ಚಿಕ್ಕ ಪದಕ್ಕೆ ಹಾಕಿದರೆ ತಪ್ಪಿಗೂ ಅಂಕ ಬಿದ್ದೀತು.

ಅಸೈನ್‌ಮೆಂಟಿನಲ್ಲಿ ಎರಡು ತಾರೀಕುಗಳಿವೆ. 'ಡ್ಯೂ ಡೇಟ್' ದಾಟಿದರೆ ತಡ ಎಂದು ಗುರುತು ಬೀಳುತ್ತದೆ, ಅಷ್ಟೇ. ಬಾಗಿಲು ಮುಚ್ಚುವುದು 'ಕಟ್-ಆಫ್ ಡೇಟ್'. ಎರಡಕ್ಕೂ ಒಂದೇ ತಾರೀಕು ಕೊಡುವುದರಿಂದಲೇ ಅರ್ಧ ತಕರಾರು ಹುಟ್ಟುವುದು. ಮಳೆಗಾಲದಲ್ಲಿ ನಡುವೆ ಮೂರು ದಿನ ಬಿಡಿ.

ಕ್ವಿಜ್ ವಿಚಾರದಲ್ಲಿ ಒಂದು ಆಯ್ಕೆ ಮಾಡಲೇಬೇಕು. ಮೂಡಲ್ ಆ್ಯಪಿನಲ್ಲಿ ಕ್ವಿಜ್ ಇಳಿಸಿಕೊಂಡು ಆಫ್‌ಲೈನ್ ಬರೆದು, ನೆಟ್‌ವರ್ಕ್ ಸಿಕ್ಕಾಗ ಕಳಿಸಬಹುದು. ಆದರೆ ಸಮಯದ ಮಿತಿ ಇರಕೂಡದು, ಫಲಿತಾಂಶ ಕೊನೆಗೇ ತೋರಿಸುವ ವಿಧಾನ ಇರಬೇಕು, ಸೆಟ್ಟಿಂಗಿನಲ್ಲಿ ಆಫ್‌ಲೈನ್ ಅನುಮತಿಯೂ ಬೇಕು. ಹಾಗಾಗಿ ಅಭ್ಯಾಸದ ಕ್ವಿಜ್ ಸಮಯಮಿತಿ ಇಲ್ಲದೆ ಮನೆಗೆ. ಆಂತರಿಕ ಅಂಕದ್ದು ಕಾಲೇಜಿನ ಲ್ಯಾಬಿನಲ್ಲೇ. 30 ಪ್ರಶ್ನೆಗಳ ಬ್ಯಾಂಕಿನಿಂದ ಯಾದೃಚ್ಛಿಕವಾಗಿ 10 ಬರುವಂತೆ ಇಟ್ಟರೆ ಪಕ್ಕದ ಪರದೆ ನೋಡಿ ಹೆಚ್ಚು ಲಾಭವಿಲ್ಲ. ಲ್ಯಾಬಿನಲ್ಲೂ ಕರೆಂಟು ಹೋದರೆ 'ಯೂಸರ್ ಓವರ್‌ರೈಡ್' ತೆರೆದು ಆ ವಿದ್ಯಾರ್ಥಿಗಷ್ಟೇ ಸಮಯ ಸೇರಿಸಿ, ಇಡೀ ತರಗತಿಯ ಕ್ವಿಜ್ ತಿದ್ದಲು ಹೋಗಬೇಡಿ.

ಸೆಮಿಸ್ಟರ್ ಮುಗಿದ ಮೇಲೆ ಮೊದಲು ಬ್ಯಾಕಪ್, ಆಮೇಲೆ 'ರೀಸೆಟ್' (ಮುಂದಿನ ತಂಡಕ್ಕಾಗಿ ಕೋರ್ಸಿನಿಂದ ಹಳೆಯ ವಿದ್ಯಾರ್ಥಿಗಳ ಮಾಹಿತಿ ತೆಗೆಯುವುದು). ತಿರುವು ಮುರುವಾದರೆ ವಿದ್ಯಾರ್ಥಿಗಳ ಉತ್ತರ, ಅಂಕ ಎಲ್ಲವೂ ಅಳಿಸಿಹೋಗಿರುತ್ತದೆ.