ಎದೆಬಡಿತ ಇಳಿಸುವ ಮಾತ್ರೆ: ಮನೆಯಲ್ಲಿ ನಾಡಿ ನೋಡಿ ಬರೆದಿಡುವುದು ಹೇಗೆ?

ಹೃದಯಾಘಾತವಾಗಿ ಮನೆಗೆ ಬಂದವರ ಮಾತ್ರೆ ಡಬ್ಬಿ ತೆಗೆದು ನೋಡಿ. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್, ಇವುಗಳಲ್ಲಿ ಒಂದು ಹೆಚ್ಚಾಗಿ ಇದ್ದೇ ಇರುತ್ತದೆ. ಇವೆಲ್ಲ ಎದೆಬಡಿತವನ್ನೂ ಬಿಪಿಯನ್ನೂ ಇಳಿಸುವ ಬೀಟಾ ಬ್ಲಾಕರ್ ಎಂಬ ಗುಂಪಿನವು. ನಮ್ಮಪ್ಪ ‘ಇದು ಬಿಪಿ ಮಾತ್ರೆ, ಬಿಪಿ ಸರಿಯಾಗಿದೆಯಲ್ಲ, ಮತ್ತೆ ಯಾಕೆ?’ ಎಂದು ಎರಡು ದಿನ ಬಿಟ್ಟಿದ್ದರು. ಮೂರನೇ ದಿನ ಸುಮ್ನೆ ಕೂತಿದ್ದಾಗಲೇ ಎದೆ ಡವಡವ ಹೊಡೆದುಕೊಂಡಿತು. ನಾಡಿ ನೋಡಿದರೆ 118. ಆಮೇಲಿಂದ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ.

ಬಡಿತ ಇಳಿಸುವುದು ಯಾಕೆ? ಹೃದಯದ ಎಡ ಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಅದು ಸಡಿಲವಾದಾಗ, ಅಂದರೆ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಜಾಸ್ತಿಯಾದರೆ ಆ ಬಿಡುವು ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 70 ಆದರೆ ದಿನಕ್ಕೆ ಸುಮಾರು 1 ಲಕ್ಷ ಬಡಿತ. 90 ಆದರೆ ಅದಕ್ಕಿಂತ 28,800 ಜಾಸ್ತಿ. ಏಟು ತಿಂದ ಹೃದಯಕ್ಕೆ ಇದು ದೊಡ್ಡ ಹೊರೆ ಅಲ್ವಾ?

ಮೊದಲು ನಾಡಿ ಎಣಿಸುವುದನ್ನು ಕಲಿಯಿರಿ. ಬೆಳಿಗ್ಗೆ ಕಾಫಿಗೆ ಮುಂಚೆ, ಮಾತ್ರೆಗೂ ಮುಂಚೆ. ಐದು ನಿಮಿಷ ಮಾತಾಡದೆ ಕುಳಿತುಕೊಳ್ಳಿ. ಅಂಗೈಯನ್ನು ಮೇಲ್ಮುಖ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಇನ್ನೊಂದು ಕೈಯ ಎರಡು ಬೆರಳು ಇಡಿ. ಹೆಬ್ಬೆರಳು ಇಡಬೇಡಿ, ಅದರದ್ದೇ ಬಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. ಗಡಿಯಾರ ನೋಡುತ್ತಾ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಬಡಿತ ತಾಳ ತಪ್ಪಿದ್ದು ತಿಳಿಯದೇ ಹೋಗಬಹುದು. ತಾಳ ತಪ್ಪಿದವರಲ್ಲಿ ಮನೆಯ ಬಿಪಿ ಮಷೀನ್ ತೋರಿಸುವ ನಾಡಿಯೂ ಕೆಲವೊಮ್ಮೆ ತಪ್ಪಿರುತ್ತದೆ. ತಾರೀಖು, ನಾಡಿ, ಬಿಪಿ, ತೂಕ ಬರೆದಿಡಿ. ತಲೆಸುತ್ತು, ಏದುಸಿರು, ಕಾಲು ಊತ ಇದ್ದರೆ ಪಕ್ಕದಲ್ಲಿ ಒಂದು ಸಾಲು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ‘ನನ್ನ ನಾಡಿ ಎಷ್ಟಿರಬೇಕು?’ ಎಂದು ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ. ಎಲ್ಲರಿಗೂ ಒಂದೇ ಸಂಖ್ಯೆ ಇಲ್ಲ. ಹೃದಯ ದುರ್ಬಲವಾಗಿ, ಬೀಟಾ ಬ್ಲಾಕರ್ ಕೊಟ್ಟ ಮೇಲೂ ನಾಡಿ 70ಕ್ಕೆ ಇಳಿಯದವರಿಗೆ ಐವಾಬ್ರಡಿನ್ ಎಂಬ, ನಾಡಿ ಇಳಿಸುವ ಇನ್ನೊಂದು ಮಾತ್ರೆ ಸೇರಿಸುವುದುಂಟು. 2010ರಲ್ಲಿ ಬಂದ ಶಿಫ್ಟ್ ಅಧ್ಯಯನದಲ್ಲಿ ಇಂಥವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದಾಗುವ ಸಾವು ಮತ್ತು ಹೃದಯದ ದುರ್ಬಲತೆ ಹೆಚ್ಚಾಗಿ ಆಸ್ಪತ್ರೆ ಸೇರುವಿಕೆ, ಎರಡೂ ಸೇರಿ 18% ಕಡಿಮೆಯಾಯಿತು. ಅದೇ ಮಾತ್ರೆಯನ್ನು ಹೃದಯ ದುರ್ಬಲವಾಗಿರದ, ರಕ್ತನಾಳದ ಕಾಯಿಲೆ ಮಾತ್ರ ಇದ್ದವರಿಗೆ ಕೊಟ್ಟು ನೋಡಿದ 2014ರ ಸಿಗ್ನಿಫೈ ಅಧ್ಯಯನದಲ್ಲಿ ನಾಡಿ ಇಳಿಯಿತು, ಆದರೆ ಲಾಭ ಸಿಗಲಿಲ್ಲ. ಪಕ್ಕದ ಮನೆಯವರ ಮಾತ್ರೆ ನಿಮಗಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಕಾಯಿಲೆ) ಇರುವವರ ಲೆಕ್ಕವೇ ಬೇರೆ. ಅವರಲ್ಲಿ ಹಲವರಿಗೆ 110ರ ಒಳಗೆ ಇದ್ದರೂ ಸಾಕು ಎನ್ನುತ್ತಾರೆ.

ಡೋಸ್ ನಿಧಾನವಾಗಿ ಏರುತ್ತದೆ. ದುರ್ಬಲ ಹೃದಯಕ್ಕೆ ಬೈಸೊಪ್ರೊಲಾಲ್ 1.25 ಮಿಲಿಗ್ರಾಂನಿಂದ ಶುರುವಾಗಿ, ವಾರಗಟ್ಟಲೆ ಸಮಯ ತೆಗೆದುಕೊಂಡು, ದೇಹ ತಡೆದುಕೊಂಡರೆ 10ರವರೆಗೆ ಹೋಗುತ್ತದೆ. ಮೊದಲ ವಾರಗಳಲ್ಲಿ ಸುಸ್ತು ಸಾಮಾನ್ಯ, ಅದಕ್ಕೆ ಹೆದರಿ ಬಿಡಬೇಡಿ. ಆದರೆ ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ನಾಡಿ 50ಕ್ಕಿಂತ ಇಳಿದರೂ ಹಾಗೆಯೇ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಫೋನ್‌ನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಉಬ್ಬಸ ಇದ್ದರೆ ಮೊದಲೇ ಹೇಳಿ. ಶುಗರ್ ಇರುವವರಿಗೆ ಇನ್ನೊಂದು ಮಾತು: ಶುಗರ್ ಇಳಿದಾಗ ಬರುವ ನಡುಕ, ಎದೆ ಡವಡವವನ್ನು ಬೀಟಾ ಬ್ಲಾಕರ್ ಮರೆಮಾಡುತ್ತದೆ. ಬೆವರು ಮಾತ್ರ ಬರುತ್ತದೆ. ಸುಮ್ನೆ ಬೆವರಿದರೂ ಶುಗರ್ ನೋಡಿಕೊಳ್ಳಿ. ಐವಾಬ್ರಡಿನ್ ತೆಗೆದುಕೊಳ್ಳುವವರಿಗೆ ಕಣ್ಣೆದುರು ಬೆಳಕು ಮಿಂಚಿದಂತಾಗಬಹುದು, ರಾತ್ರಿ ಗಾಡಿ ಓಡಿಸುವಾಗ ಜೋಪಾನ. ವೆರಪಮಿಲ್, ಡಿಲ್ಟಿಯಾಜೆಮ್ ಕೂಡ ನಾಡಿ ಇಳಿಸುತ್ತವೆ; ಬೇರೆ ಡಾಕ್ಟರ್ ಇವನ್ನು ಬರೆದರೆ, ಹಳೆಯ ಚೀಟಿ ತೋರಿಸದೆ ನುಂಗಬೇಡಿ. ‘ಎಕ್ಸ್‌ಎಲ್’, ‘ಇಆರ್’ ಎಂದು ಬರೆದ, ನಿಧಾನವಾಗಿ ಔಷಧ ಬಿಡುವ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಹಾಗೆ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ.

ಬೀಟಾ ಬ್ಲಾಕರ್ ಅನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ಕೆಲವರಿಗೆ ಹೃದಯಾಘಾತವೂ ಬರಬಹುದು. ನಿಲ್ಲಿಸಬೇಕಾದರೂ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಎಷ್ಟೋ ಜನ ಬೇಕೆಂದು ಬಿಡುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರೆ ಮುಗಿದಿರುತ್ತದೆ, ಅಲ್ಲಿನ ಮೆಡಿಕಲ್ ಶಾಪ್‌ನಲ್ಲಿ ಅದು ಸಿಗುವುದಿಲ್ಲ. ಡಬ್ಬಿಯಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನ ಸ್ಟ್ರಿಪ್ ತಂದಿಡಿ.